ಕುಬಸ ಮುಗಿಸಿ ಎಲೆಕ್ಟ್ರಿಕ್ ಕಾರಿನಲ್ಲಿ ತವರಿಗೆ

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರುಮನೆಯದು. ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಮಗಳನ್ನು ಕರೆತರುವ ಪದ್ಧತಿ ಬೆಂಗಳೂರು ಸೇರಿದ ಕುಟುಂಬಗಳಲ್ಲೂ ಬಿಟ್ಟುಹೋಗಿಲ್ಲ. ಬದಲಾಗಿರುವುದು ದೂರ. ಒಂದು ಕಾಲಕ್ಕೆ ಪಕ್ಕದ ತಾಲ್ಲೂಕಿನಿಂದ ಬರುತ್ತಿದ್ದ ಮಗಳು ಈಗ 350 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬರಬೇಕು. ಬೆಂಗಳೂರಿನ ಮನೆಯ ಮುಂದೆ ನಿಂತಿರುವುದು ಎಲೆಕ್ಟ್ರಿಕ್ ಕಾರಾದರೆ ತವರಿನವರ ಮೊದಲ ಮಾತು, 'ಬಸುರಿ ಹೆಣ್ಮಗಳನ್ನ ಬ್ಯಾಟರಿ ಗಾಡ್ಯಾಗ ಅಷ್ಟು ದೂರ ತರಬ್ಯಾಡ್ರಿ, ನಡುದಾರ್ಯಾಗ ನಿಂತ್ರ ಏನ್ ಮಾಡ್ತೀರಿ' ಎಂಬುದು. ಆ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಬಸುರು ಆರೋಗ್ಯವಾಗಿದ್ದು, ವೈದ್ಯರು ಪ್ರಯಾಣಕ್ಕೆ ಒಪ್ಪಿದ್ದರೆ, ಈ ದಾರಿಗೆ ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರಿಗಿಂತ ಒಂದು ಕೈ ಮೇಲು ಎಂಬುದು ನನ್ನ ವಾದ. ನಡುನಡುವೆ ನಿಲ್ಲಲೇಬೇಕು ಎಂದು ಎಲ್ಲರೂ ಅದರ ಮೇಲೆ ಹೊರಿಸುವ ದೋಷವೇ ಬಸುರಿಯ ಪಾಲಿಗೆ ಅನುಕೂಲ.

ಗರ್ಭಿಣಿಯ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಹೆರಿಗೆಯ ಹೊತ್ತಿನ ರಕ್ತಸ್ರಾವದಿಂದ ತಾಯಿಯನ್ನು ಕಾಯಲು ದೇಹ ಮಾಡಿಕೊಳ್ಳುವ ಸಿದ್ಧತೆ ಅದು. ಜೊತೆಗೆ ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳಗಳನ್ನು ಒತ್ತುವುದರಿಂದ ಕಾಲಿನ ರಕ್ತ ಮೇಲಕ್ಕೆ ಹರಿಯುವುದು ನಿಧಾನವಾಗುತ್ತದೆ. ಕಾರು, ಬಸ್ಸು, ರೈಲು, ವಿಮಾನ ಯಾವುದೇ ಇರಲಿ, ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕೂತು ಪ್ರಯಾಣ ಮಾಡಿದವರಲ್ಲಿ ರಕ್ತನಾಳದೊಳಗೆ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು 2007ರಲ್ಲಿ ಹೇಳಿತು. ಅದು ಎಲ್ಲರಿಗೂ ಅನ್ವಯಿಸುವ ಮಾತು. ಬಸುರಿಗೆ ಎರಡು ಅಪಾಯಗಳೂ ಕೂಡಿಕೊಳ್ಳುತ್ತವೆ. ಎರಡು ಗಂಟೆಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ, ಮೂತ್ರ ಕಟ್ಟಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಪೆಟ್ರೋಲ್ ಕಾರಿನಲ್ಲಿ ಈ ಮಾತು ಉಳಿಯುವುದಿಲ್ಲ. ಟ್ಯಾಂಕ್ ತುಂಬಿದೆ, ರಸ್ತೆ ಖಾಲಿ ಇದೆ, ಹೊತ್ತು ಮುಳುಗುವುದರೊಳಗೆ ಊರು ಸೇರಬೇಕು ಎಂಬ ಗಡಿಬಿಡಿಯಲ್ಲಿ, ಹಿಂದೆ ಕೂತವಳು ಸಂಕೋಚದಿಂದ ಸುಮ್ಮನಾಗುತ್ತಾಳೆ. ಚಾರ್ಜಿಗೆ ನಿಂತ ಕಾರಿನಲ್ಲಿ ಅವಳು ಯಾರನ್ನೂ ಕೇಳಿಕೊಳ್ಳಬೇಕಿಲ್ಲ.

ಲೆಕ್ಕ ಹಾಕಿ ನೋಡಿದರೂ ಇದು ಕೂಡಿಬರುತ್ತದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 30.2 ಯೂನಿಟ್‌ನದು. ಕಾಗದದ ಮೇಲೆ ಅದರ ಓಟ 312 ಕಿಲೋಮೀಟರ್. ಹೆದ್ದಾರಿಯಲ್ಲಿ ಎಸಿ ಹಾಕಿ ಹೊರಟರೆ 200ರ ಆಸುಪಾಸು. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗಕ್ಕೆ ಹೆಚ್ಚುಕಡಿಮೆ 200 ಕಿಲೋಮೀಟರ್. ಅಲ್ಲಿಂದ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಕೂಡ್ಲಿಗಿಯ ಮೇಲೆ ಹೊಸಪೇಟೆ, ಮುನಿರಾಬಾದ್ ಬದಿಯಿಂದ ಗಂಗಾವತಿ. ಕುಷ್ಟಗಿಯವರು ಅದೇ ಹೆದ್ದಾರಿಯಲ್ಲಿ ಮುಂದೆ ಹೋಗಬೇಕು. ಹಾಗಾಗಿ ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಓಡಿಸದೆ ಹಿರಿಯೂರಿನ ಆಸುಪಾಸಿನಲ್ಲೊಮ್ಮೆ, ಕೂಡ್ಲಿಗಿಯ ಆಸುಪಾಸಿನಲ್ಲೊಮ್ಮೆ ನಿಲ್ಲುವುದು ಒಳ್ಳೆಯದು. ವೇಗದ ಚಾರ್ಜರ್‌ನಲ್ಲಿಯೂ ಶೇ. 80 ದಾಟಿದ ಮೇಲೆ ಚಾರ್ಜ್ ಆಗುವುದು ನಿಧಾನವಾಗುತ್ತದೆ; ಅಲ್ಲಿಗೇ ಬಿಡಿಸಿಕೊಂಡು ಹೊರಟರೆ ಹೊತ್ತು ಉಳಿಯುತ್ತದೆ. ದೊಡ್ಡ ಬ್ಯಾಟರಿಯ ಹೊಸ ಕಾರುಗಳಿಗೆ ಒಂದೇ ಚಾರ್ಜ್ ಸಾಕಾಗಬಹುದು. ಸಾಕಾದರೂ ಬಸುರಿಗಾಗಿ ನಡುವೆ ಇನ್ನೊಂದೆರಡು ಕಡೆ ನಿಲ್ಲಿಸಲೇಬೇಕು.

ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಚಾರ್ಜರ್ ತೋರಿಸುವ ಆ್ಯಪ್‌ಗೆ ಒಪ್ಪಿಸಬಾರದು. ಚಾರ್ಜರ್ ಇದೆ ಎಂದು ತೋರಿಸಿದ ಕಡೆ ಅದು ಕೆಟ್ಟು ನಿಂತಿರಬಹುದು, ಮುಂದೆ ಎರಡು ಗಾಡಿ ಕಾದಿರಬಹುದು. ನಡುದಾರಿಯಲ್ಲಿ ನಿಂತರೆ ಏನು ಎಂಬ ತವರಿನವರ ಪ್ರಶ್ನೆಗೆ ಉತ್ತರ ಇಷ್ಟೇ: ಒಂದು ಚಾರ್ಜರ್ ಕೈಕೊಟ್ಟರೆ ಮುಂದಿನದನ್ನು ತಲುಪುವಷ್ಟು ಬ್ಯಾಟರಿ ಯಾವಾಗಲೂ ಉಳಿದಿರಬೇಕು. ಅದಕ್ಕಿಂತ ಮೊದಲು ನೋಡಬೇಕಾದ ಎರಡು ಸಂಗತಿ, ಶುಚಿಯಾದ ಶೌಚಾಲಯ ಮತ್ತು ಹತ್ತಿರದಲ್ಲೇ ಹೆರಿಗೆ ಆಸ್ಪತ್ರೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಕೂಡ್ಲಿಗಿಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳು ಡಿಕ್ಕಿಯ ಪೆಟ್ಟಿಗೆಯೊಳಗೆ ಸೇರದೆ ಕೈಚೀಲದಲ್ಲಿರಬೇಕು.

ಕಾರಿನೊಳಗಿನ ಸಂಗತಿಗೆ ಬಂದರೆ, ಹೊಗೆಯ ವಾಸನೆ ಮತ್ತು ಎಂಜಿನ್ನಿನ ನಡುಕ ಇಲ್ಲದಿರುವುದು ಓಕರಿಕೆಯಿಂದ ಬಳಲುವವಳಿಗೆ ದೊಡ್ಡ ಉಪಕಾರ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಕಡೆ ನಿಂತ ಗಾಡಿಯಲ್ಲೂ ಹೊಗೆಯಿಲ್ಲದೆ ಎಸಿ ನಡೆಯುವುದು ಕಡಿಮೆ ಮಾತಲ್ಲ. ಆದರೆ ಎಲೆಕ್ಟ್ರಿಕ್ ಕಾರು ಓಕರಿಕೆ ಹೆಚ್ಚಿಸಲೂಬಹುದು ಎಂಬುದನ್ನು ಮಾರುವವರು ಹೇಳುವುದಿಲ್ಲ. ಪೆಡಲಿನಿಂದ ಕಾಲು ತೆಗೆದ ಕೂಡಲೇ ಕಾರು ತಾನೇ ವೇಗ ತಗ್ಗಿಸಿ, ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಇದು ಪದೇಪದೇ ಆದರೆ ಹಿಂದೆ ಕೂತವರ ತಲೆ ತಿರುಗುತ್ತದೆ. ಆ ವ್ಯವಸ್ಥೆಯನ್ನು ಕನಿಷ್ಠ ಮಟ್ಟಕ್ಕಿಟ್ಟು ನಿಧಾನ ಓಡಿಸಿದರೆ ತೊಂದರೆ ಕಡಿಮೆ. ಬ್ಯಾಟರಿ ತುಸು ಹೆಚ್ಚು ಖರ್ಚಾದರೆ ಆಗಲಿ. ಸೀಟ್ ಬೆಲ್ಟ್ ಕಟ್ಟಿದರೆ ಮಗುವಿಗೆ ಒತ್ತುತ್ತದೆ ಎಂಬ ನಂಬಿಕೆ ನಿಜವಾಗಿಯೂ ಅಪಾಯದ್ದು. ಅಪಘಾತದ ಹೊಡೆತಕ್ಕೆ ಮಾಸು ಕಳಚಿಕೊಂಡರೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಎಲುಬಿನ ಮೇಲೆ, ಮೇಲಿನ ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಹಾಯಬೇಕು. ಅವಳೇ ಕಾರು ಓಡಿಸುವುದಾದರೆ ಇನ್ನೊಂದು ಮಾತು. ಕೆನಡಾದ ಒಂಟಾರಿಯೊದಲ್ಲಿ ಐದು ಲಕ್ಷಕ್ಕೂ ಹೆಚ್ಚು ತಾಯಂದಿರ ದಾಖಲೆ ನೋಡಿದ 2014ರ ಅಧ್ಯಯನದಲ್ಲಿ, ಬಸುರಿನ ನಡುವಿನ ಮೂರು ತಿಂಗಳಲ್ಲಿ ಚಾಲಕಿಯರ ಗಂಭೀರ ಅಪಘಾತಗಳು ಶೇ. 42ರಷ್ಟು ಹೆಚ್ಚಿದ್ದವು. ಆಯಾಸ, ನಿದ್ದೆಗೇಡು ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ದೂರದ ಪ್ರಯಾಣದಲ್ಲಿ ಬೇರೆಯವರು ಓಡಿಸುವುದೇ ಕ್ಷೇಮ.

ಇಷ್ಟು ದೊಡ್ಡ ಬ್ಯಾಟರಿಯ ಮೇಲೆ ಕೂತರೆ ಕಿರಣಗಳು ಮಗುವಿಗೆ ತಾಗುವುದಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಜರ್ಮನಿಯ ಸರ್ಕಾರಿ ವಿಕಿರಣ ಸಂರಕ್ಷಣಾ ಕಚೇರಿ 2025ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಎಲೆಕ್ಟ್ರಿಕ್ ಕಾರಿನೊಳಗಿನ ಕಾಂತಕ್ಷೇತ್ರ ಆರೋಗ್ಯಕ್ಕಾಗಿ ನಿಗದಿಯಾದ ಮಿತಿಯೊಳಗೇ ಇದೆ. ಅದು ಕ್ಷ-ಕಿರಣದಂತೆ ಜೀವಕೋಶಗಳನ್ನು ಕೆಡಿಸುವ ವಿಕಿರಣವೂ ಅಲ್ಲ. ಬೆಂಕಿಯ ಭಯ ಹುಟ್ಟಿದ್ದು 2022ರಲ್ಲಿ ಸಾಲುಸಾಲಾಗಿ ಹೊತ್ತಿದ ಸ್ಕೂಟರ್‌ಗಳಿಂದ. ಅದೇ ವರ್ಷದ ಡಿಸೆಂಬರ್‌ನಿಂದ ಬ್ಯಾಟರಿಯ ಸುರಕ್ಷತಾ ನಿಯಮಗಳು ಬಿಗಿಯಾದವು. ಕಾರುಗಳ ವಿಷಯದಲ್ಲಿ, ಸ್ವೀಡನ್ನಿನ ಸರ್ಕಾರಿ ದಾಖಲೆಗಳು ಬೆಂಕಿ ಬೀಳುವ ಪ್ರಮಾಣ ಪೆಟ್ರೋಲ್ ಗಾಡಿಗಳಿಗಿಂತ ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಡಿಮೆ ಎಂದೇ ತೋರಿಸುತ್ತವೆ.

ಇವೆಲ್ಲಕ್ಕಿಂತ ತೂಕದ ಆಕ್ಷೇಪ ರೈಲಿನದು. 2019ರಲ್ಲಿ ಗಂಗಾವತಿಗೆ ರೈಲು ಬಂತು. ಈಗ ಯಶವಂತಪುರದಿಂದ ರಾತ್ರಿ ಮಲಗಿಕೊಂಡೇ ಬರಬಹುದು, ಗರ್ಭಿಣಿಯರಿಗೆ ಕೆಳಗಿನ ಬರ್ತ್‌ನ ಕೋಟಾ ಕೂಡ ಇದೆ. ಸೊಂಟನೋವಿನಿಂದ ಕೂರಲಾಗದವಳಿಗೆ ರೈಲೇ ಸರಿ, ಇದನ್ನು ಒಪ್ಪಲೇಬೇಕು. ಕಾರಿನ ಹೆಚ್ಚುಗಾರಿಕೆ ಇರುವುದು ಬೇಕೆಂದಾಗ ನಿಲ್ಲುವುದರಲ್ಲಿ, ತುರ್ತಿದ್ದರೆ ಆಸ್ಪತ್ರೆಯ ಕಡೆ ತಿರುಗುವುದರಲ್ಲಿ. ಎರಡಕ್ಕೂ ಸಲ್ಲುವ ಮಾತು ಹೊರಡುವ ತಿಂಗಳಿನದು. 14ರಿಂದ 28ನೇ ವಾರದವರೆಗೆ ಪ್ರಯಾಣ ಹಗುರ. ಕುಬಸವನ್ನು ಏಳನೆಯ ತಿಂಗಳಲ್ಲೇ ಮುಗಿಸುವ ಮನೆಗಳಿಗೆ ಇದು ಹೊಂದುತ್ತದೆ. ಕೆಲಸಕ್ಕೆ ಹೋಗುವವರಿಗೆ 2017ರ ತಿದ್ದುಪಡಿಯ ನಂತರ 26 ವಾರ ಹೆರಿಗೆ ರಜೆಯಿದ್ದು, ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮೊದಲೇ ಪಡೆಯಬಹುದು. ರಜೆಯನ್ನೆಲ್ಲ ಮಗುವಿಗೆಂದು ಉಳಿಸಿ ಒಂಬತ್ತರಲ್ಲಿ ಹೊರಡುವುದು ಅರ್ಥವಾಗುವಂಥದ್ದೇ, ಆದರೆ ಜಾಣತನವಲ್ಲ. ರಕ್ತಸ್ರಾವ, ಏರಿದ ರಕ್ತದೊತ್ತಡ, ಅವಳಿ ಬಸುರು, ಹಿಂದೊಮ್ಮೆ ದಿನ ತುಂಬದೆ ಹೆರಿಗೆಯಾದದ್ದು ಇವುಗಳಲ್ಲಿ ಯಾವುದಿದ್ದರೂ ಬೆಂಗಳೂರಿನಲ್ಲೇ ಉಳಿದು, ತವರಿನವರೇ ಅಲ್ಲಿಗೆ ಹೋಗಬೇಕು.

ಊರು ಸೇರಿದ ಮೇಲೂ ಕಾರಿನ ಕೆಲಸ ಮುಗಿಯುವುದಿಲ್ಲ. ಎಸಿಗೆ ಬಳಸುವ ದೊಡ್ಡ ಸಾಕೆಟ್‌ನಲ್ಲೇ ರಾತ್ರಿಯಿಡೀ ಹಾಕಿದರೆ ಸಣ್ಣ ಬ್ಯಾಟರಿ ತುಂಬುತ್ತದೆ, ಆದರೆ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಲಸವನ್ನೇ ಮಾಡುವುದಿಲ್ಲ. ಮಗಳು ಬರುವ ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅದನ್ನು ನೋಡಿಸಿಕೊಳ್ಳಬೇಕು. ಕೊನೆಯ ತಿಂಗಳಲ್ಲಿ ಕೊಪ್ಪಳದ ವೈದ್ಯಕೀಯ ಕಾಲೇಜಿಗೋ ಬಳ್ಳಾರಿಗೋ ಹೋಗಿ ಬರುವಷ್ಟು ಚಾರ್ಜ್ ಸದಾ ಇರಲಿ. ಇನ್ನು ಸರ್ಕಾರದ ಪಾಲು. ದೇಶದಲ್ಲೇ ಮೊದಲು, 2017ರಲ್ಲಿ, ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಹೊಸ ಚಾರ್ಜರ್‌ಗಳಿಗೆ ಜಾಗ ಹುಡುಕುವಾಗ ಹೆದ್ದಾರಿಯ ಹೋಟೆಲ್‌ಗಳಿಗಿಂತ ಮೊದಲು ಕೂಡ್ಲಿಗಿ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಸರ್ಕಾರಿ ಆಸ್ಪತ್ರೆಗಳ ಆವರಣವನ್ನು ನೋಡಬೇಕು. ವಿದ್ಯುತ್, ಕಾವಲು, ರಾತ್ರಿಯಿಡೀ ದೀಪ ಅಲ್ಲಿ ಈಗಾಗಲೇ ಇವೆ. ಕಾರಿಲ್ಲದವರಿಗೂ ಅದು ದಕ್ಕಬೇಕು: ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಟ್ಟು ಬರುವ ನಗು-ಮಗು ಗಾಡಿಗಳ ಓಡಾಟ ಒಂದು ತಾಲ್ಲೂಕಿನೊಳಗಿನದು, ದಾರಿ ಮೊದಲೇ ಗೊತ್ತಿರುವಂಥದ್ದು. ವಿದ್ಯುತ್ತಿನಲ್ಲಿ ಓಡಿಸಲು ಇದಕ್ಕಿಂತ ತಕ್ಕ ಸರ್ಕಾರಿ ವಾಹನ ನನಗೆ ಕಾಣುತ್ತಿಲ್ಲ.