ಗೇಟಿನ ಬಳಿಯ ನಕ್ಷೆಯನ್ನು ನಾವು ಏಕೆ ತಿರುಗಿಸಿದೆವು?

ಗೇಟಿನ ಒಳಗೆ ಹೊಸ ನಕ್ಷೆ ಹಾಕಿದಂದಿನಿಂದ ನಮ್ಮನ್ನು ಎಲ್ಲರೂ ಕೇಳುತ್ತಿರುವ ಪ್ರಶ್ನೆ ಒಂದೇ: "ಇದರಲ್ಲಿ ದಕ್ಷಿಣ ಮೇಲಿದೆಯಲ್ಲ, ತಲೆಕೆಳಗಾಗಿ ಅಂಟಿಸಿದ್ದೀರಾ?" ಕೆಲವು ಉಪನ್ಯಾಸಕರೂ ನಗುತ್ತಾ ಇದನ್ನೇ ಕೇಳಿದರು. ತಪ್ಪಾಗಿಲ್ಲ, ಬೇಕೆಂದೇ ಹಾಗೆ ಬರೆದಿದ್ದೇವೆ. ಕಾರಣವನ್ನು ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

ಇದು ಶುರುವಾದದ್ದು ನಮ್ಮ ಅಮ್ಮಿಯಿಂದ. ನಮ್ಮೂರು ಅರಳಗುಪ್ಪೆ. ಅಮ್ಮಿ ಕೊಬ್ಬರಿ ಒಡೆಯುವ ಕೆಲಸಕ್ಕೆ ಹೋಗುತ್ತಾರೆ. ಕೆಲಸಕ್ಕೆ ಹೋದ ದಿನ ಕೂಲಿ ಉಂಟು, ಹೋಗದ ದಿನ ಇಲ್ಲ. ಹೋದ ವರ್ಷ ನನ್ನ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಹಾಕಲು ಮಧ್ಯಾಹ್ನದ ತನಕ ಕೆಲಸ ಮಾಡಿ, ಬಸ್ಸು ಹಿಡಿದು ಕಾಲೇಜಿಗೆ ಬಂದರು. ನನಗೆ ಆಗ ಕಿರುಪರೀಕ್ಷೆ ಇತ್ತು. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡವನ್ನು ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತಾರೆ. ಗೇಟಿನ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು, ಆಫೀಸ್ ಬಲಗಡೆ ಇದೆ ಎಂದು ತಿಳಿದು ಬಲಕ್ಕೆ ಹೋದರು. ಅಲ್ಲಿ ಮೆಟ್ಟಿಲು ಹತ್ತಿ ಪ್ರಯೋಗಾಲಯದ ಬಾಗಿಲಿಗೆ ಹೋಗಿ ನಿಂತರು. ಯಾರನ್ನಾದರೂ ಕೇಳಲು ಸಂಕೋಚ. ಕೊನೆಗೆ ಆಫೀಸ್ ಸಿಕ್ಕಾಗ ಕೌಂಟರ್ ಮುಚ್ಚಿತ್ತು. ಮರುದಿನ ಮತ್ತೆ ಬಂದರು, ಇನ್ನೊಂದು ದಿನದ ಕೂಲಿಯೂ ಹೋಯಿತು.

ರಾತ್ರಿ ನಾನು ಸಿಟ್ಟಿನಿಂದ "ಅಲ್ಲೇ ನಕ್ಷೆ ಇತ್ತಲ್ಲ ಅಮ್ಮಿ, ನೋಡಬಾರದಿತ್ತಾ?" ಎಂದೆ. ಅಮ್ಮಿ ಹೇಳಿದ್ದು ಇಷ್ಟೇ: "ನೋಡಿಕೊಂಡೇ ಹೋದೆ ಬೇಟಿ."

ಮರುದಿನ ಬೆಳಿಗ್ಗೆ ನಾನೇ ಹೋಗಿ ನಕ್ಷೆಯ ಮುಂದೆ ನಿಂತೆ. ಅಮ್ಮಿ ಸರಿಯಾಗಿಯೇ ಓದಿದ್ದರು. ತಪ್ಪು ನಕ್ಷೆಯದು.

ನಮ್ಮ ಗೇಟು ಕಾಲೇಜಿನ ಉತ್ತರಕ್ಕಿದೆ. ಒಳಗೆ ಬಂದು ಫಲಕದ ಎದುರು ನಿಂತರೆ ನಮ್ಮ ಮುಖ ದಕ್ಷಿಣಕ್ಕಿರುತ್ತದೆ. ಆಗ ಪೂರ್ವ ನಮ್ಮ ಎಡಗೈ ಕಡೆ, ಪಶ್ಚಿಮ ಬಲಗೈ ಕಡೆ. ಆಫೀಸ್ ಇರುವುದು ಪೂರ್ವದಲ್ಲಿ, ಅಂದರೆ ಎಡಕ್ಕೆ. ಆದರೆ ಹಳೆಯ ನಕ್ಷೆಯಲ್ಲಿ ಉತ್ತರ ಮೇಲಿತ್ತು. ಹಾಗಾಗಿ ಪೂರ್ವ ಬಲಗಡೆ ಬಂದಿತ್ತು, ಆಫೀಸ್ ಬಲಕ್ಕೆ ಕಾಣುತ್ತಿತ್ತು. ನೋಡುವವರು ಮನಸ್ಸಿನಲ್ಲೇ ಇಡೀ ನಕ್ಷೆಯನ್ನು ಅರ್ಧ ಸುತ್ತು ತಿರುಗಿಸಿಕೊಳ್ಳಬೇಕಿತ್ತು. ನಾವು ದಿನವೂ ಬರುವವರು ನಕ್ಷೆ ನೋಡುವುದೇ ಇಲ್ಲ, ಅದಕ್ಕೇ ನಮಗೆ ಗೊತ್ತಾಗಲಿಲ್ಲ.

ಈ ತೊಂದರೆ ನಮ್ಮೊಬ್ಬರದಲ್ಲ. 'ನೀವು ಇಲ್ಲಿದ್ದೀರಿ' ಎಂದು ತೋರಿಸುವ ಗೋಡೆ ನಕ್ಷೆಗಳ ಬಗ್ಗೆ ಮಾರ್ವಿನ್ ಲೆವಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1982ರಲ್ಲಿ ಒಂದು ಲೇಖನ ಬರೆದರು. ಅದರ ಮುಖ್ಯ ಮಾತು ಸರಳ: ಗೋಡೆಯ ಮೇಲಿನ ನಕ್ಷೆಯಲ್ಲಿ ಮೇಲೆ ಇರುವುದು ನೋಡುವವರ ಮುಂದೆ ಇರಬೇಕು. ನಕ್ಷೆಯ ಬಲ ನೋಡುವವರ ಬಲವಾಗಿರಬೇಕು. ಮೊಬೈಲಿನ ನಕ್ಷೆ ನಾವು ತಿರುಗಿದಂತೆ ತಾನೂ ತಿರುಗಬಲ್ಲದು. ಗೋಡೆಯ ನಕ್ಷೆ ತಿರುಗಲಾರದು, ಬರೆಯುವಾಗಲೇ ನಾವು ತಿರುಗಿಸಿ ಬರೆಯಬೇಕು.

ಉತ್ತರ ಮೇಲಿರಲೇಬೇಕು ಎಂಬುದು ರೂಢಿಯೇ ಹೊರತು ನಿಯಮವಲ್ಲ. ಸಿಸಿಲಿಯ ದೊರೆ ಎರಡನೆಯ ರೋಜರನ ಆಸ್ಥಾನದಲ್ಲಿದ್ದ ಅಲ್-ಇದ್ರೀಸಿ 1154ರಲ್ಲಿ ಮುಗಿಸಿದ ಪ್ರಸಿದ್ಧ ಭೂಪಟದಲ್ಲಿ ದಕ್ಷಿಣವೇ ಮೇಲಿದೆ. ನಮ್ಮ ಗೇಟಿನ ನಕ್ಷೆಯನ್ನು ನೋಡಿ ನಕ್ಕವರು ಅದನ್ನೂ ಒಮ್ಮೆ ನೋಡಬೇಕು.

ಇನ್ನೂ ಹತ್ತಿರದ ಉದಾಹರಣೆ ನಮ್ಮೂರಲ್ಲೇ ಇದೆ. ಅರಳಗುಪ್ಪೆಯ ಕಲ್ಲೇಶ್ವರ ದೇವಸ್ಥಾನ ಒಂಬತ್ತನೆಯ ಶತಮಾನದ್ದು. ಅದರ ಚಾವಣಿ ನೋಡಲು ದೂರದೂರದಿಂದ ಜನ ಬರುತ್ತಾರೆ. ನಾನು ಶಾಲೆಯಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಕರೆದುಕೊಂಡು ಹೋಗಿ ತಲೆ ಎತ್ತಿ ನೋಡಿ ಎಂದಿದ್ದರು. ನಡುವೆ ಕುಣಿಯುವ ಶಿವ, ಸುತ್ತಲೂ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಪೂರ್ವದ ಒಡೆಯ ಇಂದ್ರ, ದಕ್ಷಿಣದವನು ಯಮ, ಪಶ್ಚಿಮದವನು ವರುಣ, ಉತ್ತರದವನು ಕುಬೇರ. ಅದರ ಫೋಟೋ ತೆಗೆದು ಗೋಡೆಗೆ ತೂಗುಹಾಕಿದರೆ ಚಿತ್ರ ಅದೇ, ಆದರೆ ಇಂದ್ರ ಪೂರ್ವಕ್ಕೆ ಇರುವುದಿಲ್ಲ. ದಿಕ್ಕು ತೋರಿಸುವ ಚಿತ್ರವನ್ನು ಎಲ್ಲಿ, ಹೇಗೆ ಇಡುತ್ತೇವೆ ಎಂಬುದೂ ಆ ಚಿತ್ರದ ಭಾಗವೇ.

ಪ್ರಾಂಶುಪಾಲರ ಒಪ್ಪಿಗೆ ಪಡೆದು ನಾನು, ನನ್ನ ಇಬ್ಬರು ಗೆಳತಿಯರು ಹೊಸ ನಕ್ಷೆಗೆ ಕೈ ಹಾಕಿದೆವು. ತಿರುಗಿಸಿದರೆ ಸಾಕು ಎಂದುಕೊಂಡಿದ್ದೆವು, ಸಾಲಲಿಲ್ಲ. ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬೇಡದ್ದನ್ನು ತೆಗೆದದ್ದು. ಹಳೆಯದು ಕಟ್ಟಡ ಕಟ್ಟುವಾಗ ಎಂಜಿನಿಯರ್ ಬರೆದ ಪ್ಲಾನ್. ಅದರಲ್ಲಿ ಸಂಪು, ಚರಂಡಿ, ಗೋಡೆಯ ದಪ್ಪ ಎಲ್ಲ ಇದ್ದವು. ಕಟ್ಟುವವರಿಗೆ ಅವು ಬೇಕು, ದಾರಿ ಹುಡುಕುವವರಿಗೆ ಬೇಡ. ನಾವು ವಾಚ್‌ಮನ್ ಚಾಚಾ ಅವರನ್ನು ಕೇಳಿದೆವು: "ಬಂದವರು ನಿಮ್ಮನ್ನು ಏನು ಕೇಳ್ತಾರೆ?" ಆಫೀಸ್, ಫೀಸ್ ಕೌಂಟರ್, ಪ್ರಿನ್ಸಿಪಾಲ್ ರೂಮು, ಪರೀಕ್ಷೆಯ ಕೊಠಡಿ, ನೀರು, ಶೌಚಾಲಯ, ನಮಾಜ್ ಕೋಣೆ. ನಕ್ಷೆಯಲ್ಲಿ ಇವೇ ದೊಡ್ಡದಾಗಿ ಕಾಣುವಂತೆ ಮಾಡಿದೆವು.

ಬಿಡುವುದರ ಬೆಲೆ ತೋರಿಸಿಕೊಟ್ಟವರು ಲಂಡನ್ನಿನ ಹ್ಯಾರಿ ಬೆಕ್. ವಿದ್ಯುತ್ ಸರ್ಕ್ಯೂಟ್ ನಕ್ಷೆ ಬರೆಯುತ್ತಿದ್ದ ಇವರು ನೆಲದಡಿ ರೈಲಿನ ದಾರಿಗಳನ್ನು ನೇರ ಗೆರೆಗಳಾಗಿ ಬರೆದರು, ನಿಲ್ದಾಣಗಳ ನಡುವಿನ ನಿಜವಾದ ದೂರವನ್ನೇ ಕೈಬಿಟ್ಟರು. 1933ರಲ್ಲಿ ಅದು ಅಚ್ಚಾಯಿತು. ಬೆಂಗಳೂರಿನ ನಮ್ಮ ಮೆಟ್ರೋ ನಕ್ಷೆಯೂ ಅದೇ ಬಗೆಯದು. ಆದರೆ ನಾವು ಬೆಕ್ ಅವರನ್ನು ಪೂರ್ತಿ ಅನುಸರಿಸಲಿಲ್ಲ. ರೈಲಿನಲ್ಲಿ ಕೂತವರಿಗೆ ಮುಂದಿನ ನಿಲ್ದಾಣ ಯಾವುದೆಂದು ಗೊತ್ತಾದರೆ ಸಾಕು. ನಡೆದು ಹೋಗುವವರಿಗೆ ದೂರವೂ ತಿಳಿಯಬೇಕು. ಅದಕ್ಕೆ ಅಳತೆಯನ್ನು ಹೆಚ್ಚುಕಡಿಮೆ ಸರಿಯಾಗಿಯೇ ಉಳಿಸಿಕೊಂಡೆವು.

ಎರಡನೆಯದು, ಗುರುತುಗಳು. 1960ರಲ್ಲಿ ಬಂದ ಪುಸ್ತಕವೊಂದರಲ್ಲಿ ಕೆವಿನ್ ಲಿಂಚ್ ಎಂಬವರು, ಜನ ಊರನ್ನು ನೆನಪಿಡುವುದು ದಾರಿ, ಅಂಚು, ಬಡಾವಣೆ, ಕೂಡುವ ಜಾಗ, ಎದ್ದು ಕಾಣುವ ಗುರುತು ಎಂಬ ಐದರಿಂದ ಎಂದು ಹೇಳಿದ್ದಾರೆ. ನನ್ನ ಗೆಳತಿ ಮೊದಲ ಕರಡಿನಲ್ಲಿ ಅಂದವಾಗಿ ತೆಂಗಿನ ಮರ ಬರೆದಿದ್ದಳು. ನಮ್ಮ ಸೀಮೆಯಲ್ಲಿ ತೆಂಗಿನ ಮರದಿಂದ ಎಡಕ್ಕೆ ಹೋಗಿ ಎಂದರೆ ಯಾವ ಮರದಿಂದ? ಎಲ್ಲ ಕಡೆ ಇರುವುದು ಗುರುತಾಗುವುದಿಲ್ಲ. ಕಾಲೇಜಿನಲ್ಲಿ ಒಂದೇ ಇರುವ ಬೇವಿನ ಮರ, ನೀರಿನ ಟ್ಯಾಂಕ್, ಧ್ವಜಸ್ತಂಭ ಇವನ್ನು ಇಟ್ಟೆವು. ನಮಾಜ್ ಕೋಣೆಯೂ ಒಳ್ಳೆಯ ಗುರುತು. ಇಲ್ಲಿಂದ ಕಿಬ್ಲಾ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ ಇದೆ. ಅಲ್ಲಿ ನಿಂತು ಅಭ್ಯಾಸವಿದ್ದವರಿಗೆ ದಿಕ್ಕು ತಾನಾಗಿ ಗೊತ್ತಾಗುತ್ತದೆ.

ಮೂರನೆಯದು, ಅಕ್ಷರ. ಹಳೆಯ ನಕ್ಷೆಯಲ್ಲಿ ಅಂಕಿಗಳಿದ್ದವು, ಹೆಸರುಗಳ ಪಟ್ಟಿ ಪಕ್ಕದಲ್ಲಿತ್ತು. ಕಣ್ಣು ಅತ್ತ ಇತ್ತ ಓಡಾಡಬೇಕಿತ್ತು. ಈಗ ಹೆಸರನ್ನು ಕಟ್ಟಡದ ಮೇಲೆಯೇ ಬರೆದಿದ್ದೇವೆ. ಫಲಕ ಬರೆಯುವವರಲ್ಲಿ ಒಂದು ರೂಢಿ ಲೆಕ್ಕವಿದೆ: ಹತ್ತು ಅಡಿ ದೂರದಿಂದ ಸಲೀಸಾಗಿ ಓದಲು ಒಂದು ಅಂಗುಲ ಎತ್ತರದ ಅಕ್ಷರ. ಕನ್ನಡಕ್ಕೆ ಇನ್ನೂ ಸ್ವಲ್ಪ ಎಚ್ಚರ ಬೇಕು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಬಿಡಬೇಕು. ಅಕ್ಷರ ತೀರಾ ದಪ್ಪವಾದರೆ 'ಪ' ಮತ್ತು 'ವ' ದೂರದಿಂದ ಒಂದೇ ಥರ ಕಾಣುತ್ತವೆ. ಹೆಸರುಗಳನ್ನು ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬರೆದೆವು. ಬಾಗಿಲ ಮೇಲೆಯೂ ಅದೇ ಹೆಸರು, ಅದೇ ಸಂಖ್ಯೆ ಇರುವಂತೆ ನೋಡಿಕೊಂಡೆವು. ನಕ್ಷೆಯಲ್ಲಿ ಒಂದು ಹೆಸರು, ಬಾಗಿಲಲ್ಲಿ ಇನ್ನೊಂದು ಇದ್ದರೆ ಎಷ್ಟು ಚೆನ್ನಾಗಿ ಬರೆದರೂ ವ್ಯರ್ಥ.

ನಾಲ್ಕನೆಯದು, ಬಣ್ಣ. ಮೊದಲು ಕಲಾ ವಿಭಾಗಕ್ಕೆ ಕೆಂಪು, ವಿಜ್ಞಾನಕ್ಕೆ ಹಸಿರು ಎಂದುಕೊಂಡಿದ್ದೆವು. ಆಮೇಲೆ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪಾಠ ನೆನಪಾಯಿತು. ಕೆಂಪು-ಹಸಿರು ಬಣ್ಣಗುರುಡು ಎಕ್ಸ್ ವರ್ಣತಂತುವಿನ ಮೂಲಕ ಬರುವಂಥದ್ದು. ಅದು ಗಂಡಸರಲ್ಲಿ ಸುಮಾರು ಶೇ. 8, ಹೆಂಗಸರಲ್ಲಿ ಸುಮಾರು ಶೇ. 0.4 ಎಂದು ಪಠ್ಯದಲ್ಲೇ ಇದೆ. ಅಂಥವರಿಗೆ ನಮ್ಮ ಎರಡು ಬಣ್ಣವೂ ಒಂದೇ ಆಗಿಬಿಡಬಹುದು. ಅದಕ್ಕೆ ನೀಲಿ ಮತ್ತು ಹಳದಿ ಆರಿಸಿಕೊಂಡೆವು. ಬಣ್ಣ ಕಾಣದಿದ್ದರೂ ಹೆಸರು ಓದಿ ತಿಳಿಯುವಂತೆ ಮಾಡಿದೆವು.

ಕೊನೆಯದು, ಪರೀಕ್ಷೆ. ಫ್ಲೆಕ್ಸ್ ಮಾಡಿಸುವ ಮೊದಲು ಡ್ರಾಯಿಂಗ್ ಶೀಟಿನಲ್ಲಿ ಬರೆದು ಗೇಟಿನ ಬಳಿ ಅಂಟಿಸಿದೆವು. ಕಾಲೇಜು ಗೊತ್ತಿದ್ದವರಿಂದ ಪರೀಕ್ಷೆ ಮಾಡಿಸಿದರೆ ಪ್ರಯೋಜನವಿಲ್ಲ, ಅವರು ನಕ್ಷೆ ಇಲ್ಲದೆಯೂ ಹೋಗುತ್ತಾರೆ. ಒಂದು ಕೆಲಸವಿಲ್ಲದ ದಿನ ನನ್ನ ಚಿಕ್ಕಮ್ಮನನ್ನು ಕರೆತಂದೆ. ಅವರು ಇಲ್ಲಿಗೆ ಬಂದದ್ದು ಅದೇ ಮೊದಲು. ಏನೂ ಹೇಳದೆ ಆಫೀಸಿಗೆ ಹೋಗಿ ಎಂದೆವು. ಎಡಕ್ಕೆ ಸರಿಯಾಗಿಯೇ ತಿರುಗಿದರು. ಆದರೆ ಅದಕ್ಕೂ ಮೊದಲು ನಕ್ಷೆಯ ಮುಂದೆ ತಡೆದು ನಿಂತರು. ಯಾಕೆಂದು ಕೇಳಿದರೆ, "ಕಾರ್ಯಾಲಯ ಅಂದ್ರೆ ಆಫೀಸೇನಾ?" ಎಂದರು. ಶುದ್ಧ ಕನ್ನಡ ಇರಲಿ ಎಂದು ನಾನೇ ಹಾಗೆ ಬರೆದಿದ್ದೆ. ಅದನ್ನು ಒರೆಸಿ, ಎಲ್ಲರ ಬಾಯಲ್ಲಿರುವಂತೆ 'ಆಫೀಸ್' ಎಂದೇ ಬರೆದೆ.

ಅಮ್ಮಿ ಹೊಸ ನಕ್ಷೆಯನ್ನು ನೋಡಿದ್ದು ಹೋದ ವಾರ, ನನ್ನ ಅಂಕಪಟ್ಟಿಗೆ ಸಹಿ ಹಾಕಲು ಬಂದಾಗ. ನಾನು ತರಗತಿಯಿಂದ ಓಡಿ ಬರುವಷ್ಟರಲ್ಲಿ ಸಹಿ ಮುಗಿಸಿ ಬೇವಿನ ಮರದ ಕೆಳಗೆ ಕೂತಿದ್ದರು. "ಸಿಕ್ತಾ ಅಮ್ಮಿ?" ಎಂದೆ. "ಸಿಕ್ತು. ಮಧ್ಯಾಹ್ನದ ಮೇಲೆ ಕೆಲಸಕ್ಕೆ ಹೋಗಬಹುದು," ಎಂದು ಬಸ್ಸಿಗೆ ಎದ್ದರು.

ನಕ್ಷೆಯಲ್ಲಿ ಇನ್ನೂ ತಪ್ಪುಗಳಿರಬಹುದು. ಅದರ ಮುಂದೆ ಯಾರಾದರೂ ಬಹಳ ಹೊತ್ತು ನಿಂತಿರುವುದು ಕಂಡರೆ ದಯವಿಟ್ಟು ದಾಟಿ ಹೋಗಬೇಡಿ. ಮೊದಲು ಅವರಿಗೆ ದಾರಿ ತೋರಿಸಿ. ಆಮೇಲೆ ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿಕೊಂಡು ಬಂದು ನಮಗೆ ಹೇಳಿ.