ಲೈನ್ ಕ್ಲಿಯರ್ (ವಿದ್ಯುತ್ ಸುರಕ್ಷತೆ)

ಲೈನ್ ಕ್ಲಿಯರ್ (ಸಂಕ್ಷಿಪ್ತವಾಗಿ ಎಲ್‌ಸಿ) ಎಂಬುದು ವಿದ್ಯುತ್ ಮಾರ್ಗದಲ್ಲಿ ದುರಸ್ತಿ ಕೈಗೊಳ್ಳುವ ಮೊದಲು ಉಪಕೇಂದ್ರದ ಹೊಣೆ ಹೊತ್ತ ಸಿಬ್ಬಂದಿಯಿಂದ ಪಡೆಯುವ ಅನುಮತಿ. ಕರ್ನಾಟಕದ ವಿದ್ಯುತ್ ಸರಬರಾಜು ಕಂಪನಿಗಳಲ್ಲಿ ಇದು ರೂಢಿಯ ಪದ. ರೈಲ್ವೆಯಲ್ಲಿ ಇದೇ ಹೆಸರಿನಿಂದ ಕರೆಯುವ ಪದ್ಧತಿ ಬೇರೆ.

ಅನುಮತಿ ನೀಡುವವರು ಮೊದಲು ಬ್ರೇಕರನ್ನು ಆಫ್ ಮಾಡುತ್ತಾರೆ. ಆದರೆ ಅದರೊಳಗಿನ ಸಂಪರ್ಕ ನಿಜಕ್ಕೂ ಕಡಿದಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಅಲಗುಗಳ ನಡುವಿನ ಅಂತರ ಕಣ್ಣಿಗೆ ಕಾಣುವ ಐಸೊಲೇಟರನ್ನೂ ತೆರೆದು, ಬೀಗ ಹಾಕಿ, ಎಚ್ಚರಿಕೆಯ ಫಲಕವನ್ನು ತೂಗುಹಾಕಲಾಗುತ್ತದೆ.

ಇಷ್ಟಾದರೂ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಭಾವಿಸುವಂತಿಲ್ಲ. ಪರಿವರ್ತಕವು ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ ಜನರೇಟರ್‌ನ 415 ವೋಲ್ಟ್, ಬೀದಿಯ ಪರಿವರ್ತಕಕ್ಕೆ ಹಿಮ್ಮುಖವಾಗಿ ತಲುಪಿದರೆ ಮೇಲಿನ ಮಾರ್ಗದಲ್ಲಿ ಸುಮಾರು 11,000 ವೋಲ್ಟ್ ಆಗಬಲ್ಲದು. ಉಪಕೇಂದ್ರದಲ್ಲಿ ಹಾಕಿದ ಬೀಗ ಇದನ್ನು ತಡೆಯಲಾರದು. ಪಕ್ಕದ ಮಾರ್ಗದಿಂದ ಪ್ರೇರಿತವಾಗುವ ವೋಲ್ಟೇಜೂ ಉಂಟು. ಹೀಗಾಗಿ ಲೈನ್‌ಮನ್‌ಗಳು ಮಾರ್ಗವನ್ನು ಪರೀಕ್ಷಿಸಿ, ಕೆಲಸದ ಸ್ಥಳದ ಎರಡೂ ಬದಿಯಲ್ಲಿ ಭೂಸಂಪರ್ಕ ಕಲ್ಪಿಸಬೇಕು. ಅದರ ಒಂದು ತುದಿಯನ್ನು ಮೊದಲು ನೆಲದ ಕಡೆಗೆ, ಇನ್ನೊಂದನ್ನು ಅನಂತರ ಮಾರ್ಗಕ್ಕೆ ಜೋಡಿಸಬೇಕು. ತೆಗೆಯುವಾಗ ಮಾರ್ಗದ ತುದಿಯೇ ಮೊದಲು. ಅವಸರದಲ್ಲಿ ಬಿಟ್ಟುಬಿಡುವ ಅಪಾಯವಿರುವುದು ಈ ಹಂತದಲ್ಲಿಯೇ.

ಇಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತದೆ ಎಂಬ ಊಹೆಯ ಮೇಲೆ ವಿದ್ಯುತ್ ಹರಿಸುವಂತಿಲ್ಲ. ಎಲ್ಲರೂ ಕೆಳಗಿಳಿದಿರುವುದನ್ನೂ ಭೂಸಂಪರ್ಕ ತೆಗೆದಿರುವುದನ್ನೂ ಖಚಿತಪಡಿಸಿಕೊಂಡು, ಎಲ್‌ಸಿ ಪಡೆದವರೇ ಅದನ್ನು ಹಿಂದಿರುಗಿಸಬೇಕು. ಒಂದೇ ಮಾರ್ಗದಲ್ಲಿ ಎರಡು ತಂಡಗಳಿದ್ದರೆ ಎರಡು ಪ್ರತ್ಯೇಕ ಎಲ್‌ಸಿಗಳು ಬೇಕು. ಎರಡೂ ಹಿಂದಿರುಗುವವರೆಗೆ ಬೀಗ ತೆರೆಯುವಂತಿಲ್ಲ.