ಸಮೀಕ್ಷೆ ಹೇಳಿದ್ದೇ ಫಲಿತಾಂಶವಲ್ಲ: ಜತ್ತ ಕಲಿಸುವ ಪಾಠ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಮಾತಾಡುವ ಹಳ್ಳಿಗಳು ಬಹಳ. 2024ರ ಜೂನ್‌ನಲ್ಲಿ ಜತ್ತವೂ ಸೇರಿದ ಸಾಂಗ್ಲಿ ಲೋಕಸಭಾ ಕ್ಷೇತ್ರದಿಂದ ಪಕ್ಷೇತರ ವಿಶಾಲ್ ಪಾಟೀಲ್ ಗೆದ್ದರು. ನವೆಂಬರ್‌ನಲ್ಲಿ ಜತ್ತ ವಿಧಾನಸಭಾ ಕ್ಷೇತ್ರ ಬಿಜೆಪಿಯ ಗೋಪಿಚಂದ್ ಪಡಳ್ಕರ್ ಅವರನ್ನು ಆರಿಸಿತು. ಇಂಥ ಮತದಾರರ ಮನಸ್ಸನ್ನು ಅಳೆಯುವುದು ಸುಲಭವಲ್ಲ.

ಆ ಲೋಕಸಭಾ ಚುನಾವಣೆಯಲ್ಲಿ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಎಂದವು; ಬಂದದ್ದು 293.

ಅಮೆರಿಕದ ನೇಟ್ ಸಿಲ್ವರ್ 2012ರಲ್ಲಿ 50 ರಾಜ್ಯಗಳ ಫಲಿತಾಂಶವನ್ನೂ ಸರಿಯಾಗಿ ಅಂದಾಜಿಸಿದ್ದರು. 2016ರಲ್ಲಿ ಟ್ರಂಪ್ ಗೆಲ್ಲುವ ಸಾಧ್ಯತೆ ಸುಮಾರು ಶೇ. 29 ಎಂದರು; ಟ್ರಂಪ್ ಗೆದ್ದರು. ಶೇ. 29 ಅಂದ್ರೆ ಸೊನ್ನೆ ಅಲ್ವಲ್ಲ!

'ಹೇಗೂ ಅವರೇ ಗೆಲ್ತಾರಂತೆ' ಎಂದು ಮನೆಯಲ್ಲೇ ಕೂರುವ ಯುವಕರು ಇದನ್ನು ನೆನಪಿಡಬೇಕು. ಸಮೀಕ್ಷೆ ಬರೀ ಅಂದಾಜು. ಎಣಿಸುವುದು ಹಾಕಿದ ಓಟನ್ನು ಮಾತ್ರ.